ಎತ್ತದ ಕೈ

"ಮಾಲೀಕರನ್ನ ಸ್ವಲ್ಪ ಕರೀರಿ."

ಸಾಣೆ ಚಕ್ರದಿಂದ ಹಾರುತ್ತಿದ್ದ ಕಿಡಿಗಳ ಆಚೆ ಯಾರೋ ಬಂದು ನಿಂತಿದ್ದರು. ಮೆಹರ್ ಬಾನು ತಲೆ ಎತ್ತಲಿಲ್ಲ.

"ಮಾಲೀಕರು ಟೂಲ್ ಹರಿತ ಮಾಡ್ತಾ ಇದಾರೆ. ಸ್ವಲ್ಪ ನಿಂತ್ಕೊಳ್ರಿ."

ಬಂದವನು ನಿಂತೇ ಇದ್ದ. ಚಕ್ರ ನಿಂತ ಮೇಲೆ ಅವಳು ಸೆರಗು ಸರಿಮಾಡಿಕೊಂಡು ನೋಡಿದಳು. ಎತ್ತರದ ಆಳು, ಮುಖದಲ್ಲಿ ನಾಚಿಕೆ.

"ತಪ್ಪಾಯ್ತು... ನಾನು ಖುದ್ದೂಸ್. ಲೇತ್ ಮಾಲೀಕರ ಸಂಘದ ಕಾರ್ಯದರ್ಶಿ. ನಿಮ್ಮ ಕೆಲಸ ನೋಡಿ ಬಾ ಅಂತ ಕಳಿಸಿದಾರೆ."

"ನೋಡ್ರಿ. ನೋಡೋಕೆ ಕಾಸಿಲ್ಲ."

ಅದು ೧೯೭೮. ಕಬ್ಬಿಣ ಸುಲಭವಾಗಿ ಸಿಗದ ಕಾಲ. ಸರ್ಕಾರದ ಕಬ್ಬಿಣದ ಕೋಟಾ ಬರುತ್ತಿದ್ದುದು ಸಂಘದ ಮೂಲಕ, ಹರಿಹರದ ಕಾರ್ಖಾನೆಗಳ ಕೆಲಸ ಸಿಗುತ್ತಿದ್ದುದೂ ಸಂಘದ ಮೂಲಕವೇ. ಬಾನುವಿನ ಅಬ್ಬಾ ಕುತುಬುದ್ದೀನ್ ತೀರಿಕೊಂಡಾಗ ಅವರ ಸದಸ್ಯತ್ವವೂ ಮುಗಿದಿತ್ತು. ಅದು ಮಗಳ ಹೆಸರಿಗೆ ಬಾರದಿದ್ದರೆ ಕರೂರಿನ ಈ ಶೆಡ್ಡಿಗೆ ಬೀಗ. ಅಬ್ಬಾ ಲೋಹ ಕಡೆಯುತ್ತಿದ್ದ ಲೇತು ಕೊಳ್ಳಲು ಅವಳ ಸೋದರಮಾವ ಆಗಲೇ ಗಿರಾಕಿ ನೋಡಿಟ್ಟಿದ್ದರು.

ಖುದ್ದೂಸ್ ಅವಳು ಲೇತಿನಲ್ಲಿ ಕಡೆದ, ಬಳೆಯಂಥ ಹಿತ್ತಾಳೆ ಬುಶ್ ಒಂದನ್ನು ಕೈಗೆತ್ತಿಕೊಂಡು, ಒಳಗೆ ಬೆರಳಾಡಿಸಿ, ಸುಮ್ಮನೆ ಕೆಳಗಿಟ್ಟ.

"ಹೆಂಗೈತೆ ಅಂತ ಹೇಳಲ್ವಾ?"

"ಹೇಳೋಕೇನೈತ್ರಿ... ಕುತುಬ್ ಸಾಹೇಬ್ರ ಕೈನೇ ಕಂಡಂಗಾಯ್ತು."

ಅಬ್ಬಾ ಹೋದ ಮೇಲೆ ಅವರ ಕೈಯ ಬಗ್ಗೆ ಯಾರೂ ಮಾತಾಡಿರಲಿಲ್ಲ.

ಆಮೇಲೆ ಅವನು ಅರ್ಜಿಯ ನೆಪದಲ್ಲಿ ಒಮ್ಮೆ, ಸಹಿಯ ನೆಪದಲ್ಲಿ ಒಮ್ಮೆ ಬಂದ. ನೆಪವಿಲ್ಲದೆಯೂ ಬಂದ. ಸಾಣೆ ಹಿಡಿಯುವಾಗ ಕಣ್ಣಿಗೆ ಹಾಕಿಕೊಳ್ಳಲು ಕನ್ನಡಕ ತಂದುಕೊಟ್ಟು, "ಸಂಘದ್ದು" ಎಂದು ಸುಳ್ಳು ಹೇಳಿದ. ಅವಳ ಸದಸ್ಯತ್ವಕ್ಕೆ ಸಂಘದವರು ಕೈ ಎತ್ತಿ ಒಪ್ಪಿಗೆ ಕೊಡಬೇಕಾದ ಸಭೆ ಹತ್ತಿರ ಬಂದಂತೆ ಬಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದಳು... ಯಾರು ಎತ್ತಲಿ ಬಿಡಲಿ, ಒಂದು ಕೈಯಂತೂ ನನ್ನದು.

ಸಭೆ ಹರಿಹರದಲ್ಲಿ ನಡೆಯಿತು. ಗಂಡಸರ ನಡುವೆ ಅವಳೊಬ್ಬಳೇ ಕೊನೆಯ ಬೆಂಚಿನಲ್ಲಿ ಕುಳಿತಿದ್ದಳು.

ದೊಡ್ಡ ಶೆಡ್ಡಿನ ಕೆಂಚವೀರಪ್ಪ ಎದ್ದು ನಿಂತರು. "ಹುಡುಗಿ ಕೆಲ್ಸ ಚಲೋ ಐತೆ, ಇಲ್ಲ ಅನ್ನಲ್ಲ. ನಾಳೆ ಮದುವಿ ಆಗಿ ಹೋದ್ಲು ಅನ್ರಿ, ಕೋಟಾ ಯಾರ ಪಾಲು? ಅಳಿಯ ಬಂದು ಬ್ಲಾಕಿನಾಗೆ ಮಾರ್ಕಂಡ್ರೆ?"

ಅಧ್ಯಕ್ಷ ವಾಮದೇವಪ್ಪನವರು ಕನ್ನಡಕದ ಮೇಲಿಂದ ನೋಡಿದರು. "ನಿನ್ನ ಅಳಿಯ ಮಾರ್ಕಂಡ ಅಂತ ಊರಿನ ಅಳಿಯರೆಲ್ಲ ಮಾರ್ಕಂತಾರೇನಪ್ಪ?"

ಸಭೆ ನಕ್ಕಿತು. ಬಾನು ನಗಲಿಲ್ಲ.

"ಒಪ್ಪಿಗೆ ಇದ್ದೋರು ಕೈ ಎತ್ರಿ."

ಕೈಗಳು ಎದ್ದವು. ಅವಳ ಕಣ್ಣು ಹುಡುಕಿದ್ದು ಒಂದೇ ಕೈಯನ್ನು. ಖುದ್ದೂಸನ ಎರಡೂ ಕೈ ಅವನ ಮೊಣಕಾಲ ಮೇಲಿದ್ದವು. ಅವನು ನೆಲ ನೋಡುತ್ತಿದ್ದ.

"ಒಂದು ಕೈ ಕಡಿಮಿ ಬಿತ್ತಲ್ಲವ್ವಾ," ಎಂದರು ವಾಮದೇವಪ್ಪ, ಬೇಸರದಿಂದ. "ಮುಂದಿನ ಸಭೆಗೆ ಮತ್ತೊಮ್ಮೆ ಇಡಾಣ. ಅದೇ ಕೊನೆ."

ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಬಂದ ಬಾನುವನ್ನು ಸೋತದ್ದಕ್ಕಿಂತ ಆ ಕೈ ಏಳದಿದ್ದುದೇ ಹೆಚ್ಚು ನೋಯಿಸಿತು. ಆ ಕನ್ನಡಕ, ಆ ಮಾತು... ಎಲ್ಲ ಬರೀ ಮರುಕವೇ?

ಮರುದಿನ ನೇರವಾಗಿ ಸಂಘದ ಆಫೀಸಿಗೆ ಹೋದಳು.

"ನಿಮ್ಮ ಕೈಗೆ ಏನಾಗಿತ್ತು?"

ಖುದ್ದೂಸ್ ಎದ್ದು ನಿಂತ. "ನಿಯಮ ಐತ್ರಿ. ಸಂಬಂಧಿಕರು ಕೈ ಎತ್ತಬಾರದು."

"ಯಾರು ಸಂಬಂಧಿಕರು?"

ಅವನ ಮುಖ ಕೆಂಪಾಯಿತು. "ನಿಮ್ಮ ಅಮ್ಮಿ... ನಿಮಗೇನೂ ಹೇಳಿಲ್ವಾ?"

"ಏನು ಹೇಳಬೇಕಿತ್ತು?"

"ಸಭೆ ಹಿಂದಿನ ದಿನ ನಮ್ಮಮ್ಮ ಇಮಾಂಬೀ ನಿಮ್ಮ ಮನೆಗೆ ಬಂದಿದ್ರು. ಮದುವೆ ರಿಷ್ತಾ ಕೇಳೋಕೆ. ನಿಮ್ಮ ಅಮ್ಮಿ ಖುಷಿಯಿಂದ ಒಪ್ಪಿ ಸಕ್ಕರೆ ಕೊಟ್ಟು ಕಳಿಸಿದ್ರು. ನಿಮಗೂ ಒಪ್ಪಿಗೆ ಅಂದ್ಕೊಂಡೆ... ಒಪ್ಪಿಗೆ ಆದ್ಮೇಲೆ ನಾನು ಹೊರಗಿನವನಲ್ವಲ್ಲ. ಹೆಂಗೆ ಎತ್ತಲಿ?"

ಬಾನು ಕುರ್ಚಿ ಹಿಡಿದುಕೊಂಡಳು. ಸಭೆ ಮುಗಿಯುವ ತನಕ ಮಗಳ ತಲೆ ಕೆಡಿಸಬಾರದೆಂದು ಅಮ್ಮಿ ಬಾಯಿ ಬಿಟ್ಟಿರಲಿಲ್ಲ. ಎದೆಯೊಳಗೆ ಏನೋ ಅರಳಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ಹ್ಞೂಂ ಅನ್ನಬೇಕಾದೋಳು ನಾನು. ನನ್ನ ಹ್ಞೂಂ ಕೇಳದೇ ನೀವು ಸಂಬಂಧಿಕರು ಹೆಂಗಾದ್ರಿ?"

ಅವನು ಮೇಜಿನ ಮೇಲಿದ್ದ ರಿಜಿಸ್ಟರ್ ಮುಚ್ಚಿದ.

"ನಾನು ಒಪ್ಪಲ್ಲ," ಎಂದಳು ಅವಳು. "ಇವತ್ತೇ ಅಮ್ಮಿ ಹೇಳಿ ಕಳಿಸ್ತಾರೆ. ಈಗ ನೀವು ಹೊರಗಿನವರು."

"ಸಭೆಗೋಸ್ಕರ ಹಿಂಗಂತೀರಾ?" ಅವನ ದನಿ ಬಿದ್ದುಹೋಗಿತ್ತು. "ಹಂಗಿದ್ರೆ ಆಗಲೂ ನಾನು ಕೈ ಎತ್ತಲ್ಲ, ಬಾನು."

"ಇಲ್ಲ. ನಿಜವಾಗ್ಲೂ ಒಪ್ಪಲ್ಲ. ಲೇತು ಕಳ್ಕೊಂಡು ನಾನು ಯಾರ ಮನೆಗೂ ಬರಲ್ಲ."

ಅಂದುಬಿಟ್ಟಳು. ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದಳು... ಇವನು ಮತ್ತೆ ಕೇಳದಿದ್ದರೆ?

ಅಮ್ಮಿ ಖತೀಜಾಬೀ ಅತ್ತುಕೊಂಡೇ ರಿಷ್ತಾ ಬೇಡವೆಂದು ಇಮಾಂಬೀಗೆ ಹೇಳಿ ಕಳಿಸಿದರು. ಖುದ್ದೂಸ್ ಮತ್ತೆ ಶೆಡ್ಡಿನ ಕಡೆ ಬರಲಿಲ್ಲ. ದಿನಕ್ಕೆಷ್ಟೋ ಸಲ ಬಾನು ಲೇತು ನಿಲ್ಲಿಸಿ ರಸ್ತೆ ನೋಡುತ್ತಿದ್ದಳು.

ಮುಂದಿನ ಸಭೆ ಸೇರಿತು.

"ಕೈ ಎತ್ರಿ," ಎಂದರು ವಾಮದೇವಪ್ಪ.

ಎಲ್ಲರಿಗಿಂತ ಕೊನೆಗೆ, ನಿಧಾನವಾಗಿ, ಖುದ್ದೂಸನ ಕೈ ಎದ್ದಿತು. ಅವನು ಅವಳ ಕಡೆ ನೋಡಲಿಲ್ಲ.

"ಹ್ವಾದ ಸಲ ಯಾಕಪ್ಪಾ ಎತ್ತಲಿಲ್ಲ?" ವಾಮದೇವಪ್ಪ ಕೇಳಿದರು.

"ಹೋದ ಸಲ ಒಂದು ಅಡ್ಡಿ ಇತ್ರಿ. ಈಗ ಇಲ್ಲ."

ಅಷ್ಟೇ. ಮೆಹರ್ ಬಾನು ಸಂಘದ ಸದಸ್ಯೆಯಾದಳು. ಕೆಂಚವೀರಪ್ಪನವರೇ ಬಂದು, "ಕಬ್ಬಿಣ ಬಂದ ದಿನ ಬೇಗ ಬಾರವ್ವಾ, ಇವರೆಲ್ಲ ಆರಿಸ್ಕಂಡು ಕೊನೆಗೆ ತುಕ್ಕು ಹಿಡಿದದ್ದು ಬಿಡ್ತಾರೆ," ಎಂದು ಹೇಳಿಹೋದರು. ಅವಳಿಗೆ ಅರ್ಧ ಮಾತ್ರ ಕೇಳಿಸಿತು.

ಹೊರಗೆ ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಖುದ್ದೂಸ್ ಸೈಕಲ್ ಬೀಗ ತೆಗೆಯುತ್ತಿದ್ದ.

"ಕಾರ್ಯದರ್ಶಿಗಳೇ."

ಅವನು ತಿರುಗಿದ. ಕಣ್ಣು ಒದ್ದೆಯಾಗಿತ್ತು. "ಮುಬಾರಕ್," ಎಂದ ಮೆಲ್ಲಗೆ.

"ಅಮ್ಮಿಯನ್ನ ಕೇಳಿದ್ದನ್ನ... ನನ್ನನ್ನ ಕೇಳ್ರಿ."

ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡ. "ಆವತ್ತು ಒಪ್ಪಲ್ಲ ಅಂದಿದ್ದು?"

"ಆವತ್ತಿಗೆ ನಿಜ. ನೀವು ಆ ಕೈ ಎತ್ತಿದ್ರಲ್ಲ... ಎತ್ತಿದ್ರೆ ಹೊರಗಿನವರಾಗೇ ಉಳೀತೀರಿ, ನಾನು ಸಿಗಲ್ಲ ಅಂತ ಗೊತ್ತಿದ್ದೂ ಎತ್ತಿದ್ರಿ. ಇದು ಇವತ್ತಿನ ಮಾತು."

"ಮೆಹರ್ ಬಾನು... ನನ್ನನ್ನ ಮದುವೆ ಆಗ್ತೀರಾ?"

"ಲೇತು ನನ್ನ ಹೆಸರಲ್ಲೇ ಇರ್ತದೆ."

"ಇರ್ಲಿ."

"ಹ್ಞೂಂ," ಎಂದಳು ಅವಳು. ಸ್ವಲ್ಪ ತಡೆದು, "ಇನ್ನು ಯಾವ ಸಭೆಯಲ್ಲೂ ನೀವು ನನಗೋಸ್ಕರ ಕೈ ಎತ್ತೋ ಹಂಗಿಲ್ಲ ನೋಡ್ರಿ."

"ಬ್ಯಾಡ," ಎಂದು ಅವನು ಕೈ ಮುಂದೆ ಚಾಚಿದ. "ನಿಮ್ಮ ಕೈ ಹಿಡ್ಕೊಂಡಿರ್ತೀನಿ."