ಕತ್ತರಿಸದ ಮೊಳೆ

"ನಿಲ್ಲಿಸ್ರೀ!"

ಮೊಟ್ಟೆಯ ಬುಟ್ಟಿಯನ್ನು ಅಂಗಳದಲ್ಲೇ ಕುಕ್ಕಿ ಥಿಯಾ ಓಡಿ ಬಂದಳು. ಇಂಗ್ಲೆಂಡಿನ ಸಫೋಕ್‌ನ ಆ ಹಳೆಯ ಮರದ ಚೌಕಟ್ಟಿನ ಮನೆಯ ಮೂಲೆಯಲ್ಲಿ ಬಡಗಿ ಜಾಸ್ ಕೆರಿಜ್ ಸುತ್ತಿಗೆ ಎತ್ತಿ ನಿಂತಿದ್ದ. ಅವನ ಕಾಲ ಬಳಿ ಸಿಮೆಂಟಿನ ಚೂರುಗಳು.

"ಕರೆಸಿದ್ದು ಕಿಟಕಿ ರಿಪೇರಿಗೆ. ಗೋಡೆ ಒಡೆಯೋಕಲ್ಲ! ಆ ಸಿಮೆಂಟು ನಮ್ಮಪ್ಪ ಕೈಯಾರೆ ಬಳಿದಿದ್ದು..."

ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ, ಕೆಮ್ಮುತ್ತಲೇ. ಇವನಿಗೇನು ಗೊತ್ತು?

ಜಾಸ್ ಮೂಲೆಗಂಬದ ಬುಡಕ್ಕೆ ಉಳಿ ಒತ್ತಿದ. ಹಿಡಿಯವರೆಗೂ ಇಳಿಯಿತು.

"ಸುಣ್ಣದ ಗಾರೆಯಾಗಿದ್ರೆ ತೇವ ಆರ್ತಿತ್ತು. ಸಿಮೆಂಟು ಒಳಗೆ ಹೋದ ನೀರನ್ನ ಹೊರಗೆ ಬಿಡ್ಲಿಲ್ಲ. ಕಂಬ ಕೂತಿರೋ ಅಡಿತೊಲೆ ಪೂರ್ತಿ ಕೊಳೆತಿದೆ, ಕಿಟಕಿ ವಾಲಿರೋದೂ ಅದಕ್ಕೇ."

"ಅಂದ್ರೆ ನಮ್ಮಪ್ಪಾನೇ ಈ ಮನೆ ಕೊಂದ್ರು ಅಂತೀರಾ? ಹೊರಡಿ ಇಲ್ಲಿಂದ!"

ಕಿರ್ರ್...

ಇಬ್ಬರೂ ಮೇಲೆ ನೋಡಿದರು. ಕಂಬ ಕುಸಿಯತೊಡಗಿತ್ತು!

ಜಾಸ್ ಮೇಲಿನ ತೊಲೆಯಡಿ ಆನಿಕೆಯ ಮರ ನೂಕಿ ಭುಜ ಕೊಟ್ಟ. "ಆನಿಕೆ ಕೆಳಗೆ ಬೆಣೆ ಹೊಡೀರಿ!"

"ಈಚೆ ಬಾರೋ! ಸಾಯ್ತೀಯ!"

"ನಾನು ಬಿಟ್ರೆ ಮಹಡಿ ಬೀಳುತ್ತೆ. ಹೊಡೀರಿ!"

ಥಿಯಾ ಸುತ್ತಿಗೆ ಎತ್ತಿದಳು. ಒಂದು ಏಟು ನೆಲಕ್ಕೆ. ಇನ್ನೊಂದು ಬೆಣೆಗೆ. ಮತ್ತೆ... ಮತ್ತೆ...

ಸದ್ದು ನಿಂತಿತು. ತೊಲೆ ಆನಿಕೆಯ ಮೇಲೆ ಕೂತಿತು.

ಥಿಯಾ ಸುತ್ತಿಗೆ ಕೆಳಗಿಟ್ಟು ನೆಲದಲ್ಲೇ ಕೂತಳು. ಜಾಸ್ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಟ್ಟ.

"ಆಗ ಎಲ್ಲರೂ ಸಿಮೆಂಟೇ ಬಳೀತಿದ್ರು. ನಮ್ಮಪ್ಪನೂ. ಮಗಳು ಬೆಚ್ಚಗಿರ್ಲಿ ಅಂತ ಮಾಡಿರ್ತಾರೆ... ಅಷ್ಟೇ."

ಅಪ್ಪನನ್ನು ಮಣ್ಣು ಮಾಡಿದ ದಿನ ಬಾರದ ಅಳು ಈಗ ಬಂತು. ಅವನು ಪಕ್ಕದಲ್ಲೇ ಕೂತ.

ಆಮೇಲೆ ಬೇಸಿಗೆಯಿಡೀ ಮನೆ ರಿಪೇರಿ, ಹಸಿ ಓಕ್ ಮರದ ಹುಳಿ ವಾಸನೆ. ಅವನು ಕೊರೆದ, ಅವಳು ಹಿಡಿದುಕೊಂಡಳು. ಸುಣ್ಣದ ಗಾರೆ ಇಬ್ಬರ ಕೂದಲಿಗೂ ಮೆತ್ತಿತು. "ಮುದುಕಿ ಹಾಗೆ ಕಾಣ್ತೀರಿ" ಎಂದು ಅವನು ಛೇಡಿಸಿದ. "ನೀನೇನು ಮದುಮಗನಾ?" ಎಂದವಳು ನಾಲಿಗೆ ಕಚ್ಚಿಕೊಂಡಳು.

ಕೊನೆಗೆ ಉಳಿದದ್ದು ಹೊಸ ಅಡಿತೊಲೆಗೆ ಕಂಬವನ್ನು ಬಿಗಿಯುವ ಒಂದು ಮರದ ಮೊಳೆ. 'ಇದು ಕೂತರೆ ಇವನು ಹೊರಡುತ್ತಾನೆ...' ಥಿಯಾ ಮೊಳೆಯನ್ನು ತಡಮಾಡಿಯೇ ಅವನ ಕೈಗಿಟ್ಟಳು.

ಜಾಸ್ ಹೊಡೆದ. ಕೀಲು ಬಿಗಿಯಿತು. ಮೊಳೆಯ ತುದಿ ಮಾತ್ರ ಹೊರಗೇ ಉಳಿದಿತ್ತು.

"ಕತ್ತರಿಸಲ್ವಾ?"

"ನಮ್ಮ ಕಸುಬಲ್ಲಿ ಕತ್ತರಿಸಲ್ಲ. ಹಸಿ ಮರ ಒಣಗಿದ ಮೇಲೆ ಕೀಲು ಸಡಿಲ ಆಗ್ಬಹುದು. ಆಗ ಇನ್ನೊಂದು ಏಟು ಹಾಕಬೇಕು."

"ಒಣಗೋಕೆ ಎಷ್ಟು ದಿನ?"

"ವರ್ಷಗಳೇ ಬೇಕು."

"ಅಲ್ಲೀವರೆಗೆ... ಯಾರು ನೋಡ್ಕೋತಾರೆ?"

ಜಾಸ್ ಸುತ್ತಿಗೆಯನ್ನು ಚೀಲಕ್ಕೆ ಹಾಕಲಿಲ್ಲ. ಅವಳ ಕೈಗಿಟ್ಟು, ಆ ಕೈ ಬಿಡಲೂ ಇಲ್ಲ.

"ಹೊರಡಿ ಅಂದಿದ್ದು ನೀನು, ಥಿಯಾ. ಇರು ಅಂತ ಇನ್ನೂ ಅಂದಿಲ್ಲ."

"ಇರು... ಜಾಸ್, ಇರು!"