ಜೆಸಿಬಿ ಮತ್ತು ತಬ್ಬಲಿ ಮರಿ

“ಅಪ್ಪಾ, ಜೆಸಿಬಿಗೆ ನಿದ್ದೆ ಬಂದೈತೆ ನೋಡು!” ದೀಪಾ ಕೂಗಿದಳು.

ಮೇಲೆತ್ತಿ ನಿಲ್ಲಿಸಿದ್ದ ಅದರ ಕೈ ತೂಕಡಿಸುತ್ತಾ ತೂಕಡಿಸುತ್ತಾ ನೆಲಕ್ಕೊರಗಿತು. ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಪ್ಪ ನಾಗರಾಜನ ಮುಖ ಸಪ್ಪಗಾಯಿತು.

ಮಾಡದಕೆರೆಯ ಹೊರಗೆ ಕುರಿಗಳಿಗಾಗಿ ಅವನು ತೋಡುತ್ತಿದ್ದ ನೀರಿನ ಗುಂಡಿ ಇನ್ನೂ ಅರ್ಧವೇ ಆಗಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಇವತ್ತು ಮುಗಿಯದಿದ್ದರೆ ಮಳೆನೀರು ಹರಿದುಹೋಗುತ್ತದೆ. ದೀಪಾ ಮಾತ್ರ ಕಣ್ಣು ಮುಚ್ಚಿ ಆಗಲೇ ಗುಂಡಿ ತುಂಬಿಸಿಬಿಟ್ಟಿದ್ದಳು! ಆ ನೀರಿನಲ್ಲಿ ಮೋಡ ತೇಲುತ್ತಿತ್ತು. ಅವಳ ಕರಿಯ ಕುರಿಮರಿ ಮೋಡವನ್ನೇ ನೆಕ್ಕುತ್ತಿತ್ತು.

ಹೊಸದುರ್ಗದಿಂದ ಮೆಕ್ಯಾನಿಕ್ ಲಕ್ಷ್ಮೀಕಾಂತ್ ಬಂದ. ರಬ್ಬರಿನ ಬಳೆಯೊಂದನ್ನು ತೋರಿಸಿದ.

“ಎಣ್ಣೆ ತಡೆಯೋ ಸೀಲ್ ಹೋಗೈತೆ ನಾಗಣ್ಣ. ಕಂಪನಿ ಸೀಲ್ ಬರಾಕೆ ಮೂರು ದಿನ. ಇದು ಲೋಕಲ್‌ದು, ಈಗ್ಲೇ ಹಾಕ್ಬಹುದು. ಆದ್ರೆ ಯಾರು ಮಾಡಿದ್ದೋ ಏನೋ, ಗ್ಯಾರಂಟಿ ಇಲ್ಲ.”

ಅಪ್ಪ ಮೋಡ ನೋಡಿದ, ಮಗಳನ್ನು ನೋಡಿದ. “ಇವತ್ತೊಂದಿನ ತಡೆದ್ರೆ ಸಾಕು. ಹಾಕಾಣ.”

ಅವರು ಸ್ಪ್ಯಾನರ್ ಹುಡುಕುವಷ್ಟರಲ್ಲಿ ದೀಪಾ ಹೊಸ ಸೀಲನ್ನು ನೆಲದ ಮೇಲಿನ ಎಣ್ಣೆಯಲ್ಲಿ ಹೊರಳಿಸಿದಳು.

“ಲೇ! ಮಣ್ಣು ಮಾಡ್ದಲ್ಲೇ!” ಅಪ್ಪ ಗದರಿದ.

“ತಬ್ಬಲಿ ಮರಿಗೆ ಅಜ್ಜಿ ಬೇರೆ ಕುರಿ ಹಾಲು ಸವರಿದ್ಲಲ್ಲಪ್ಪ. ಆ ಕುರಿ ಮೂಸಿ, ತನ್ದೇ ಮರಿ ಅಂತ ಸೇರಿಸ್ಕೊಂತು. ಇದನ್ನ ಜೆಸಿಬೀನೂ ಸೇರಿಸ್ಕೊಳ್ಳಿ ಅಂತ...”

ಲಕ್ಷ್ಮೀಕಾಂತ್ ಹೊಟ್ಟೆ ಹಿಡಿದುಕೊಂಡು ನಕ್ಕ. ಪಕ್ಕದಲ್ಲೇ ಕುರಿ ಕಾಯುತ್ತಿದ್ದ ಅಜ್ಜಿ ಜುಂಜಮ್ಮ ಮಾತ್ರ ನಗಲಿಲ್ಲ.

“ಕುರಿ ಮೂಸ್ತೈತೆ ಕಣವ್ವ, ಬೇಡಾಂದ್ರೆ ಒದೀತೈತೆ. ಇದಕ್ಕೆ ಮೂಗೆಲ್ಲೈತೆ? ಕೊಟ್ಟಿದ್ದು ಹಾಕ್ಕೊಂತೈತೆ. ಇದರ ಪರವಾಗಿ ನಾವೇ ಮೂಸಿ ನೋಡ್ಬೇಕು.”

ದೀಪಾ ಜೆಸಿಬಿಯತ್ತ ತಿರುಗಿದಳು. ಬಾಗಿದ ಕೈಯ ನೆರಳಿನಲ್ಲಿ ಕರಿಯ ಮರಿ ಮಲಗಿತ್ತು. ದಿನಾ ಮಧ್ಯಾಹ್ನ ಅದರ ಪಕ್ಕದಲ್ಲಿ ಅವಳೂ ಮಲಗುತ್ತಿದ್ದಳು. ಗ್ಯಾರಂಟಿಯಿಲ್ಲದ ಸೀಲೂ ಹೋಗಿ, ಮೇಲೆತ್ತಿದ ಕೈ ಮತ್ತೆ ಹೀಗೇ ಕುಸಿದುಬಿಟ್ಟರೆ? ಓಡಿಹೋಗಿ ಮರಿಯನ್ನು ಎತ್ತಿಕೊಂಡಳು.

“ಅಪ್ಪಾ, ಕಂಪನೀದೇ ಬರ್ಲಿ.”

“ಮತ್ತೆ ನಿನ್ ಗುಂಡಿ?”

ದೀಪಾ ಮರಿಯನ್ನು ಇನ್ನಷ್ಟು ಅವುಚಿಕೊಂಡಳು. ಅಪ್ಪ ಅವಳ ತಲೆ ಸವರಿ, ಕೆಸರಾದ ಸೀಲನ್ನು ಲಕ್ಷ್ಮೀಕಾಂತನ ಕೈಗಿಟ್ಟ.

ಸಂಜೆ ಮಳೆ ಸುರಿಯಿತು. ನೀರು ಅರ್ಧ ತೋಡಿದ ಗುಂಡಿಯನ್ನು ತುಂಬಿ ಹಳ್ಳದ ಕಡೆ ಹರಿದುಹೋಗುವಾಗ ದೀಪಾಗೆ ಅಳು ಬಂತು. ಅಜ್ಜಿಯ ಕಂಬಳಿಯೊಳಗೆ ಮುದುಡಿ ಕುಳಿತಳು. ಮಡಿಲಲ್ಲಿದ್ದ ಮರಿ ಅವಳ ಅಂಗೈ ಮೂಸಿತು, ಎಣ್ಣೆಯ ವಾಸನೆಗೆ ಸೀನಿತು, ಇನ್ನೊಮ್ಮೆ ಮೂಸಿತು. ಆಮೇಲೆ ಅಲ್ಲೇ ತಲೆಯಿಟ್ಟು ಮಲಗಿತು.