ನೀಲಿಯಾದ ತೋಳಿನ ಪಟ್ಟಿ

“ಇದರಲ್ಲಿ ಏನು ಬೆರೆಸಿದ್ದೀರಿ?”

ಅವಳ ದನಿಗೆ ಹೋಟೆಲಿನ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಜ್ಯೂಸ್ ಕೌಂಟರಿನ ಹಿಂದೆ ನಿಂತಿದ್ದವನು ತಬ್ಬಿಬ್ಬಾದ.

“ನಿಂಬೆಹಣ್ಣು, ಸಕ್ಕರೆ, ಚೂರು ಉಪ್ಪು... ಇನ್ನೇನು ಮೇಡಂ?”

“ಸುಳ್ಳು! ಇದೇನಿದು ಹಾಗಾದ್ರೆ?”

ಅವಳು ಕೈ ಮುಂದೆ ಚಾಚಿದಳು. ಅಂಗಿಯ ತೋಳಿನ ತುದಿಗೆ ಹೊಲಿದಿದ್ದ ಬಿಳಿ ಪಟ್ಟಿಯ ಮೇಲೆ ನೀಲಿ ಕಲೆಯೊಂದು ಮೂಡಿತ್ತು.

ಆ ಪಟ್ಟಿಯನ್ನು ಮಾಡಿದವಳು ಅವಳೇ. ಬಟ್ಟೆಯ ಲ್ಯಾಬಿನಲ್ಲಿ ಅವಳ ಕೆಲಸವೇ ಅದು. ಕುಡಿಯುವುದರ ಒಂದು ಹನಿ ತಾಗಿಸಿದರೆ ಸಾಕು, ಯಾರಾದರೂ ಮತ್ತಿನ ಔಷಧಿ ಬೆರೆಸಿದ್ದರೆ ಪಟ್ಟಿ ನೀಲಿಯಾಗುತ್ತದೆ. ಇವತ್ತು ಲ್ಯಾಬಿನ ಹಿರಿಯರೊಬ್ಬರ ಬೀಳ್ಕೊಡುಗೆ ಊಟ. ಅಲ್ಲೂ ಅವಳು ಹನಿ ತಾಗಿಸದೆ ಲೋಟ ಬಾಯಿಗಿಟ್ಟವಳಲ್ಲ!

“ಶುರುವಾಯ್ತಪ್ಪಾ ನಮ್ಮ ಪತ್ತೇದಾರಿಣಿಯ ಕಾಟ!” ಸಹೋದ್ಯೋಗಿಯೊಬ್ಬ ನಕ್ಕ. “ಹಾಡಹಗಲಲ್ಲಿ ನಿಂಬೆ ಜ್ಯೂಸಿಗೆ ಯಾರಮ್ಮಾ ಔಷಧಿ ಹಾಕ್ತಾರೆ?”

ಹಾಲಿಗೆ ಹಾಲೇ ನಕ್ಕಿತು.

ಆ ನಗು ಅವಳಿಗೆ ಹೊಸದಲ್ಲ. ಹಿಂದೊಮ್ಮೆ ಒಂದು ಪಾರ್ಟಿಯಿಂದ ಅವಳ ತಂಗಿ ನಿಲ್ಲಲಾರದೆ ಮನೆಗೆ ಬಂದಿದ್ದಳು. “ಯಾರೋ ಏನೋ ಬೆರೆಸಿದ್ರು ಅಕ್ಕಾ” ಎಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ನೆಂಟರೆಲ್ಲ ಮುಖ ಮುಖ ನೋಡಿಕೊಂಡು, ಕುಡಿದು ಬಂದು ಕಥೆ ಕಟ್ಟುತ್ತಾಳೆ ಅಂದುಬಿಟ್ಟರು. ಸಾಕ್ಷಿ ಎಲ್ಲಿತ್ತು? ಅಂದಿನಿಂದ ತಂಗಿ ಹೊಸಿಲು ದಾಟಿಲ್ಲ. ಈ ಪಟ್ಟಿ ಹುಟ್ಟಿದ್ದೇ ಆ ಕಣ್ಣೀರಿನಿಂದ.

ಆದರೆ ಕೌಂಟರಿನವನು ನಗಲಿಲ್ಲ. ಅವನು ನೀಲಿ ಕಲೆಯನ್ನು ನೋಡಿದ. ಜಗ್ಗನ್ನು ನೋಡಿದ. ಆಗಲೇ ಲೋಟ ಖಾಲಿ ಮಾಡಿ ಕೂತಿದ್ದ ಜನರನ್ನು ನೋಡಿದ. ಮರುಕ್ಷಣ ಜಗ್ಗೆತ್ತಿ ಅಷ್ಟನ್ನೂ ಸಿಂಕಿಗೆ ಸುರಿದ. ಅವಳ ಕೈಯಲ್ಲಿದ್ದ ಲೋಟ ಕಸಿದು... ಗಟಗಟನೆ ಕುಡಿದೇಬಿಟ್ಟ!

“ಅಯ್ಯೋ! ಏನ್ ಮಾಡಿದ್ರಿ!”

“ಈಗ ನನ್ನನ್ನೇ ನೋಡ್ತಾ ಇರಿ” ಅಂದ, ಕುರ್ಚಿ ಎಳೆದುಕೊಂಡು.

ಅವಳ ಮೈ ಉರಿದುಹೋಯಿತು. ಸಾಕ್ಷಿಯನ್ನೇ ನುಂಗಿದ! ಉಳಿದದ್ದನ್ನು ಚೆಲ್ಲಿದ! ಇದಕ್ಕಿಂತ ಇನ್ನೇನು ಬೇಕು?

ಅವಳೂ ಅವನ ಎದುರಿಗೇ ಕೂತಳು. ಕಣ್ಣು ಎಳೆಯುತ್ತವಾ? ನಾಲಿಗೆ ತೊದಲುತ್ತದಾ? ಏನೂ ಇಲ್ಲ. ಒಂದು ಲೋಟ ಕುಡಿದರೆ ಏನೂ ಆಗದಷ್ಟು ಕಮ್ಮಿ ಹಾಕಿರಬೇಕು. ಎಂಥ ನಟ! ಆ ಕಣ್ಣುಗಳನ್ನು ನೋಡು, ಏನೂ ಅರಿಯದವನ ಹಾಗೆ... ಇಂಥವನಿಗೆ ಅಷ್ಟು ಚೆಂದದ ಕಣ್ಣು ಯಾಕೆ ಕೊಟ್ಟನೋ ದೇವರು! ಹಾಗಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಗಲಾಟೆ ಕೇಳಿ ಮ್ಯಾನೇಜರ್ ಬಂದ. ಅವಳು ನಡೆದದ್ದನ್ನೆಲ್ಲ ಹೇಳಿದಳು.

“ನಾಳೆಯಿಂದ ಬರಬೇಡ” ಅಂದ ಮ್ಯಾನೇಜರ್.

ಅವನು ಏಪ್ರನ್ ಬಿಚ್ಚಿದ. ಹೋಗುವ ಮುಂಚೆ ಅವಳ ಹತ್ತಿರ ಬಂದು, “ಕುಡಿದವರಿಗೆ ಯಾರಿಗಾದ್ರೂ ತಲೆಗಿಲೆ ಸುತ್ತಿದ್ರೆ ತಡ ಮಾಡ್ಬೇಡಿ ಮೇಡಂ, ಡಾಕ್ಟರಿಗೆ ತೋರಿಸಿ” ಅಂದ.

ಅದೂ ನಾಟಕವೇ ಅನ್ನಿಸಿತು ಅವಳಿಗೆ.

ಮರುದಿನ ಲ್ಯಾಬಿನಲ್ಲಿ ಕಲೆಯಾದ ನೂಲನ್ನು ಮೆಷಿನ್ನಿಗೆ ಹಾಕಿದಳು. ಔಷಧಿಯ ಸುಳಿವೇ ಇಲ್ಲ. ಮೆಷಿನ್ನಿನ ಮೇಲೆ ಅನುಮಾನ ಬಂತು. ಮತ್ತೆ ಹಾಕಿದಳು. ಇಲ್ಲ! ಕೊನೆಗೆ ತಾನೇ ಒಂದು ನಿಂಬೆಹಣ್ಣು ಹಿಂಡಿ, ಪಟ್ಟಿಯ ಬಿಳಿ ಜಾಗಕ್ಕೆ ಒಂದು ಹನಿ ಬಿಟ್ಟಳು.

ನೀಲಿ!

ಪಟ್ಟಿಯನ್ನು ಮೂಗಿನ ಹತ್ತಿರ ತಂದಳು. ಹೂವಿನ ಪರಿಮಳ... ಕೂಡಲೇ ಮನೆಗೆ ಫೋನ್ ಮಾಡಿದಳು.

“ಅಮ್ಮಾ, ನನ್ನ ಅಂಗೀನ ನೀನು ಒಗೆದ್ಯಾ?”

“ಹೂಂ ಕಣೇ. ಬಟ್ಟೆ ಮೆತ್ತಗಾಗ್ಲಿ ಅಂತ ಆ ಪರಿಮಳದ ಲಿಕ್ವಿಡ್ಡಲ್ಲಿ ಅದ್ದಿ ತೆಗೆದೆ. ಯಾಕೆ ಪುಟ್ಟಿ, ತಪ್ಪಾಯ್ತಾ?”

ತಪ್ಪು ಅಮ್ಮನದಲ್ಲ. ಲ್ಯಾಬಿನಲ್ಲಿ ಪಟ್ಟಿಯನ್ನು ಎಷ್ಟೋ ಸಲ ತೊಳೆದು ನೋಡಿದ್ದರು, ಬರೀ ಸೋಪಿನ ನೀರಲ್ಲಿ. ಮನೆಗಳಲ್ಲಿ ಬಟ್ಟೆ ಹೇಗೆ ಒಗೆಯುತ್ತಾರೆ ಅಂತ ಯಾರೂ ಯೋಚಿಸಿರಲಿಲ್ಲ. ಆ ಲಿಕ್ವಿಡ್ ನೂಲಿನಲ್ಲಿ ಉಳಿದು, ಹುಳಿ ತಾಗಿದಾಗ ಬಣ್ಣ ತಿರುಗಿತ್ತು.

ಪಟ್ಟಿ ಇನ್ನೇನು ಅಂಗಡಿಗಳಿಗೆ ಹೋಗುವುದರಲ್ಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾಡದ ತಪ್ಪಿಗೆ ಕಳಂಕ ಹೊತ್ತು ಹೋದವನು? ಅವನ ಮಾತನ್ನೂ ಯಾರೂ ನಂಬಲಿಲ್ಲವಲ್ಲ... ತಂಗಿಗೆ ಆದದ್ದನ್ನೇ ನಾನು ಅವನಿಗೆ ಮಾಡಿದೆನಾ?

ಅವಳು ಪಟ್ಟಿಯನ್ನು ತಡೆಹಿಡಿಸಿದಳು. ಹೋಟೆಲಿಗೆ ಹೋಗಿ, ಸಿಬ್ಬಂದಿಯನ್ನೆಲ್ಲ ಕರೆಸಿ, ತಪ್ಪು ನನ್ನದು ಅಂತ ಎಲ್ಲರೆದುರು ಹೇಳಿದಳು. ಮ್ಯಾನೇಜರ್ ಅವನ ವಿಳಾಸ ಕೊಟ್ಟ.

ಅದು ಅವನ ಅಕ್ಕನ ಜ್ಯೂಸ್ ಅಂಗಡಿ. ಅಕ್ಕ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಪಟ್ಟಿಯಮ್ಮ ನೀನೇನಾ? ಇಲ್ಲಿ ಇನ್ನೇನು ಪತ್ತೆ ಮಾಡೋಕೆ ಬಂದೆ?”

“ಕ್ಷಮೆ ಕೇಳೋಕೆ ಬಂದೆ ಅಕ್ಕಾ.”

ಕಿತ್ತಳೆ ಸುಲಿಯುತ್ತಿದ್ದವನ ಕೈ ನಿಂತಿತು. ಅವಳು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದಳು, ತಂಗಿಯ ವಿಷಯವನ್ನೂ. ಆದರೆ ಒಂದು ಅನುಮಾನ ಮಾತ್ರ ಇನ್ನೂ ಮುಳ್ಳಾಗಿ ಉಳಿದಿತ್ತು.

“ಏನೂ ಬೆರೆಸಿಲ್ಲ ಅಂದ್ಮೇಲೆ... ಯಾಕೆ ಚೆಲ್ಲಿದ್ರಿ? ಯಾಕೆ ಕುಡಿದ್ರಿ?”

“ನಾನು ಬೆರೆಸಿಲ್ಲ ಅಂತ ನನಗೆ ಗೊತ್ತಿತ್ತು. ಆದ್ರೆ ಜಗ್ ಸ್ವಲ್ಪ ಹೊತ್ತು ನನ್ನ ಕಣ್ಣಿಗೆ ಮರೆಯಾಗಿತ್ತು. ಇನ್ಯಾರೂ ಕುಡೀಬಾರ್ದು ಅಂತ ಚೆಲ್ಲಿದೆ. ಆಗ್ಲೇ ಕುಡಿದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಾ ಅಂತ ತಿಳೀಬೇಕಿತ್ತು, ಕುಡಿದೆ. ಸ್ಯಾಂಪಲ್ ಎತ್ತಿಡ್ಬೇಕು ಅಂತ ಹೊಳೀಲೇ ಇಲ್ಲ.”

ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ಅಂದ್ರೆ... ನಿಜವಾಗ್ಲೂ ಔಷಧಿ ಇದೆ ಅಂದ್ಕೊಂಡೇ ಕುಡಿದ್ರಾ?”

“ನೀವು ಇದೆ ಅಂದ್ರಲ್ಲ. ಕೈ ನಡುಗ್ತಾ ಇತ್ತು ನಿಮ್ಮದು. ಸುಮ್ಸುಮ್ನೆ ಯಾರೂ ಹಾಗೆ ನಡುಗಲ್ಲ... ನಾನು ನಂಬಿದೆ.”

ಹಾಲಿಗೆ ಹಾಲೇ ನಕ್ಕಾಗ ಅವಳನ್ನು ನಂಬಿದ್ದು ಇವನೊಬ್ಬನೇ! ಇವನನ್ನೇ ಅವಳು ಸುಳ್ಳುಗಾರ ಅಂದಿದ್ದಳು. ತಡೆದರೂ ತಡೆಯದೆ ಕಣ್ಣೀರು ಧುಮುಕಿತು.

“ಏನಾದ್ರೂ ಆಗಿದ್ರೆ?” ಸಿಟ್ಟಿನಲ್ಲೇ ಕೇಳಿದಳು. “ಬುದ್ಧಿ ಬೇಡ್ವಾ ನಿಮಗೆ?”

“ನೀವು ಎದುರಿಗೇ ಕೂತಿದ್ರಲ್ಲ, ಕಣ್ಣು ಮಿಟುಕಿಸದೆ. ಬಿದ್ದಿದ್ರೆ ನೀವೇ ಎತ್ತುತ್ತಿದ್ರಿ ಅಂತ ಧೈರ್ಯ ಇತ್ತು.”

ಅಷ್ಟರಲ್ಲಿ ಒಳಗೆ ಹೋಗಿದ್ದ ಅಕ್ಕ ಅಲ್ಲಿಂದಲೇ ಕೆಮ್ಮಿದಳು. ಇಬ್ಬರೂ ಕೇಳಿಸದವರಂತೆ ನಿಂತರು.

“ಆವತ್ತಿಂದ ನೀವೇ ಕಣ್ಮುಂದೆ ಇದ್ದೀರಿ” ಅಂದಳು ಮೆಲ್ಲಗೆ. “ಮೊದಲು ಸಿಟ್ಟಿಗೆ ಅಂದ್ಕೊಂಡೆ. ಸಿಟ್ಟು ಹೋಯ್ತು, ನೀವು ಹೋಗಲಿಲ್ಲ. ನನಗೆ ನೀವು ಇಷ್ಟ.”

ಅವನ ಕಿವಿ ಕೆಂಪಾಯಿತು.

“ಈಗ್ಲಾದ್ರೂ ನನ್ನ ಮೇಲೆ ನಂಬಿಕೆ ಬಂತಾ?”

“ಸುಳ್ಳು ಹೇಳಲ್ಲ. ಯಾರನ್ನಾದ್ರೂ ಪೂರ್ತಿ ನಂಬೋಕೆ ನನಗೆ ತುಂಬಾ ದಿನ ಹಿಡಿಯುತ್ತೆ...”

“ಹಿಡೀಲಿ ಬಿಡಿ. ಅಲ್ಲೀತನಕ ಇಬ್ಬರ ಪಾಲಿನ ನಂಬಿಕೆನೂ ನಾನೇ ಇಟ್ಕೊಂಡಿರ್ತೀನಿ.”